ಘಟ್ಟದ ಕೆಲಸಕ್ಕೆ ಸಣ್ಣ ಟಿಪ್ಪರ್: ಅನುಭವಸ್ಥರ ಉತ್ತರಗಳು

ಪ್ರಶ್ನೆ: ಶಿರಸಿ ಸಮೀಪ ನಮ್ಮ ಅಡಿಕೆ ತೋಟವಿದೆ. ತೋಟಕ್ಕೆ ಮಣ್ಣು, ಗೊಬ್ಬರ ಹೊಡೆಯುವುದರ ಜೊತೆಗೆ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಕುಮಟಾ ಕಡೆಯಿಂದ ಚಿರೆಕಲ್ಲು, ಉಸುಕು ತಂದುಕೊಡುವ ಬಾಡಿಗೆ ಕೆಲಸವನ್ನೂ ಮಾಡಬೇಕೆಂದಿದ್ದೇನೆ. ಕಾಂಕ್ರೀಟ್ ಮಿಕ್ಸರನ್ನು ಹಿಂದೆ ಕಟ್ಟಿಕೊಂಡು ಎಳೆಯುವಂತೆಯೂ ಇರಬೇಕು. ಆರು ಚಕ್ರದ ಸಣ್ಣ ಟಿಪ್ಪರ್ ಸಾಕಾಗುವುದೇ? ದಯವಿಟ್ಟು ಅನುಭವ ತಿಳಿಸಿ.

ಶಿರಸಿಯ ಟಿಪ್ಪರ್ ಮಾಲೀಕರೊಬ್ಬರು:

ಸಾಕಾಗುತ್ತದೆ. ಆದರೆ ಬಾಡಿ ಎಷ್ಟು ದೊಡ್ಡದಿದೆ ಎಂಬುದನ್ನು ನೋಡಿ ಗಾಡಿ ಆರಿಸಬೇಡಿ. ಆರ್‌.ಸಿ.ಯಲ್ಲಿ ಒಟ್ಟು ತೂಕ, ಖಾಲಿ ತೂಕ ಎಂದು ಎರಡು ಅಂಕಿಗಳಿರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಉಳಿದಷ್ಟೇ ತಾವು ಹೇರಬಹುದಾದ ಮಾಲು. ಒಟ್ಟು ತೂಕ 7,490 ಕಿಲೋ ಇರುವ ಗಾಡಿಯ ಖಾಲಿ ತೂಕ, ಕಬ್ಬಿಣದ ಬಾಡಿ ಮತ್ತು ಹೈಡ್ರಾಲಿಕ್ ಜ್ಯಾಕ್ ಸೇರಿ 3,500 ಕಿಲೋ ಎಂದಿಟ್ಟುಕೊಂಡರೆ, ಕೈಗೆ ಸಿಗುವುದು ನಾಲ್ಕು ಟನ್ನಿಗೆ ತುಸು ಕಡಿಮೆ. ನಮ್ಮಲ್ಲಿ ಉಸುಕಿನ ವ್ಯವಹಾರ ನಡೆಯುವುದು ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಎಂದರೆ 100 ಘನ ಅಡಿ. ಒಣ ಉಸುಕಾದರೂ ಸುಮಾರು ನಾಲ್ಕೂವರೆ ಟನ್ ತೂಗುತ್ತದೆ, ಒದ್ದೆಯದಾದರೆ ಐದರ ಹತ್ತಿರ ಹೋಗುತ್ತದೆ. ಬಾಡಿಯಲ್ಲಿ ಬ್ರಾಸ್ ಹಿಡಿಯುತ್ತದೆ, ಗಿರಾಕಿಯೂ ಅದನ್ನೇ ಕೇಳುತ್ತಾನೆ, ಆದರೆ ಚಾಸಿಗೆ (ಗಾಡಿಯ ತಳದ ಚೌಕಟ್ಟಿಗೆ) ಅಷ್ಟು ಹೊರುವ ಶಕ್ತಿ ಇಲ್ಲ. ಆದ್ದರಿಂದ ಬಾಡಿಗೆಯನ್ನು ಮುಕ್ಕಾಲು ಬ್ರಾಸಿನ ಮೇಲೆ ಮಾತಾಡಿಕೊಳ್ಳುವುದು ಒಳ್ಳೆಯದು. ಚಿರೆಕಲ್ಲಿಗೂ ಇದೇ ಲೆಕ್ಕ: ಒಂದು ಕಲ್ಲು 30 ಕಿಲೋ ತೂಗಿದರೆ 130 ಕಲ್ಲಿಗೆ ಗಾಡಿ ತುಂಬಿತು, ಬಾಡಿಯಲ್ಲಿ ಇನ್ನೂ ಜಾಗ ಕಂಡರೂ ಕೂಡ. 2019ರ ತಿದ್ದುಪಡಿಯ ನಂತರ ಅಧಿಕ ಭಾರಕ್ಕೆ ಕಾಯ್ದೆಯಲ್ಲಿರುವ ದಂಡ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ. ಒಂದು ದಿನದ ಬಾಡಿಗೆಯಲ್ಲಿ ಇದು ಹುಟ್ಟುವುದಿಲ್ಲ.

ತಮ್ಮ ಕೆಲಸದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಭಾರ ಇರುವುದು ಕುಮಟಾದಿಂದ ಶಿರಸಿಗೆ ಬರುವ ದಾರಿಯ ದೇವಿಮನೆ ಘಟ್ಟ ಹತ್ತುವಾಗ; ಇಳಿಯುವಾಗ ಗಾಡಿ ಖಾಲಿ. ಹೀಗಾಗಿ ಎಷ್ಟು ಅಶ್ವಶಕ್ತಿ ಎಂದು ಕೇಳುವುದಕ್ಕಿಂತ, ಇಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೇ ಟಾರ್ಕ್ (ತಿರುಗಿಸುವ ಬಲ) ಎಷ್ಟು ಸಿಗುತ್ತದೆ, ಹಿಂದಿನ ಆಕ್ಸಲ್‌ನ ರೇಶಿಯೋ (ಚಕ್ರದ ಒಂದು ಸುತ್ತಿಗೆ ಶಾಫ್ಟ್ ತಿರುಗುವ ಸುತ್ತುಗಳು) ಎಷ್ಟು ಎಂಬುದನ್ನು ಕೇಳಿ. ರೇಶಿಯೋ ಅಂಕಿ ಹೆಚ್ಚಿದ್ದಷ್ಟೂ ಎಳೆತ ಹೆಚ್ಚು, ಹೆದ್ದಾರಿಯ ವೇಗ ಕಡಿಮೆ. ನಮಗೆ ವೇಗದಿಂದ ಆಗಬೇಕಾದ್ದೇನೂ ಇಲ್ಲ. ತೋಟದ ದಾರಿಯ ತಿರುವುಗಳಿಗೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ ಕಡಿಮೆಯಿರುವ, ಅಂದರೆ ಚಿಕ್ಕ ವೀಲ್‌ಬೇಸ್‌ನ ಗಾಡಿಯೇ ಬೇಕು.

ಮಿಕ್ಸರ್ ಎಳೆಯುವ ವಿಚಾರದಲ್ಲಿ ಮಾತ್ರ ನಾನು ಬೇಡವೆಂದೇ ಹೇಳುತ್ತೇನೆ. ಮಿಕ್ಸರಿಗೆ ತನ್ನದೇ ಬ್ರೇಕ್ ಇರುವುದಿಲ್ಲ. ಖಾಲಿ ಟಿಪ್ಪರಿನ ಹಿಂದಿನ ಚಕ್ರಗಳ ಮೇಲೆ ಭಾರವಿಲ್ಲದಿರುವಾಗ, ಒದ್ದೆ ರಸ್ತೆಯ ಇಳಿಜಾರಿನ ತಿರುವಿನಲ್ಲಿ ಮಿಕ್ಸರ್ ಹಿಂದಿನಿಂದ ನೂಕಿದರೆ ಗಾಡಿ ಅಡ್ಡ ತಿರುಗುತ್ತದೆ. ಕಂಪನಿಯ ಕೈಪಿಡಿಯಲ್ಲಿ ಟ್ರೇಲರ್ ಸಹಿತ ಒಟ್ಟು ತೂಕವನ್ನು ಕೊಟ್ಟಿರದಿದ್ದರೆ, ಆ ಗಾಡಿಯನ್ನು ಎಳೆಯುವುದಕ್ಕೆಂದು ಮಾಡಿಲ್ಲ ಎಂದೇ ತಿಳಿಯಬೇಕು. ಕೆಲಸದ ಜಾಗದಲ್ಲಿ ಸಮತಟ್ಟಾದ ಕಡೆ ನಾಲ್ಕು ಮಾರು ಎಳೆದು ಸರಿಸುವುದಕ್ಕೆ ಅಡ್ಡಿಯಿಲ್ಲ. ಆಗಲೂ ಕೊಕ್ಕೆಯನ್ನು ಚಾಸಿಯ ಅಡ್ಡಪಟ್ಟಿಗೆ ಕೂರಿಸಿರಬೇಕು, ಬಾಡಿಗಲ್ಲ. ಘಟ್ಟ ದಾಟಿಸಬೇಕಾದ ದಿನ ಮಿಕ್ಸರನ್ನು ಬಾಡಿಯೊಳಗೇ ಹೇರಿ ಬಿಗಿದು ಕಟ್ಟಿರಿ. ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು, ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಇಂಜಿನ್ನಿನಿಂದಲೇ ವೇಗ ತಗ್ಗಿಸುವ ಬ್ರೇಕ್) ಇರುವ ಗಾಡಿ ಸಿಕ್ಕರೆ ಅದನ್ನೇ ತೆಗೆದುಕೊಳ್ಳಬೇಕು.

ಕಾರವಾರದಿಂದ ಒಬ್ಬರು:

ಮೇಲಿನವರು ಹೇಳಿದ್ದು ಸರಿಯಾಗಿದೆ. 7,500 ಕಿಲೋದೊಳಗಿನ ಗಾಡಿಗೆ ಇನ್ನೊಂದು ಅನುಕೂಲವೂ ಇದೆ. ಲಘು ವಾಹನದ ಲೈಸೆನ್ಸ್ ಇದ್ದವರು ಈ ಮಿತಿಯೊಳಗಿನ ಸರಕು ಗಾಡಿಯನ್ನು ಪ್ರತ್ಯೇಕ ಅನುಮೋದನೆ ಇಲ್ಲದೆ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ತೀರ್ಪು ನೀಡಿದೆ. ಚಾಲಕರು ಸಿಗುವುದೇ ಕಷ್ಟವಾಗಿರುವಾಗ ಇದು ಸಣ್ಣ ಮಾತಲ್ಲ. ಕರಾವಳಿಯ ರೇತಿ ಹೇರುವುದಾದರೆ ತುಕ್ಕಿನ ಕಡೆ ಲಕ್ಷ್ಯವಿರಲಿ. ಅಳಿವೆಯ ಹತ್ತಿರದ ರೇತಿಯಲ್ಲಿ ಉಪ್ಪಿನಂಶ ಇರುತ್ತದೆ, ಅದರ ನೀರು ಬಾಡಿಯ ಮೂಲೆಗಳಲ್ಲಿ ನಿಂತು ತಳದ ತಗಡನ್ನು ತಿನ್ನುತ್ತದೆ. ಸಂಜೆ ಸಿಹಿನೀರಿನಿಂದ ಅಡಿಭಾಗವನ್ನೂ ತೊಳೆಸಬೇಕು.

ಪ್ರಶ್ನೆ ಕೇಳಿದವರು: ಉಪಕಾರವಾಯಿತು. ಹೊಸದರ ಬೆಲೆ ನಮ್ಮ ಕೈಗೆಟುಕುವಂತಿಲ್ಲ. ಹಳೆಯದನ್ನು ಕೊಳ್ಳುವುದಾದರೆ ಏನು ನೋಡಬೇಕು?

ಕುಮಟಾದ ಗ್ಯಾರೇಜ್ ಮೇಸ್ತ್ರಿಯೊಬ್ಬರು:

ಮೊದಲು ಬಾಡಿಯನ್ನು ಎತ್ತಿಸಿ, ಆಧಾರದ ಕಂಬ ಕೊಟ್ಟ ಮೇಲಷ್ಟೇ ಕೆಳಗೆ ತಲೆ ಹಾಕಿ. ಜ್ಯಾಕ್ ಕೂತಿರುವ ಕಡೆ ಮತ್ತು ಹಿಂದಿನ ಹಿಂಜ್ ಪಿನ್ನಿನ ಸುತ್ತ ಚಾಸಿಯಲ್ಲಿ ಬಿರುಕು, ಹೊಸ ವೆಲ್ಡಿಂಗ್, ಅಲ್ಲಿ ಮಾತ್ರ ಬಳಿದ ಹೊಸ ಬಣ್ಣ ಕಂಡರೆ ಆ ಗಾಡಿ ತೂಕ ಮೀರಿ ದುಡಿದಿದೆ ಎಂದರ್ಥ. ಆಮೇಲೆ ಗಾಡಿಯಲ್ಲಿ ಮಾಲು ಇರುವಾಗ, ಹಿಂದಿನ ಬಾಗಿಲು ಹಾಕಿಕೊಂಡೇ, ಸಮತಟ್ಟಾದ ಗಟ್ಟಿ ನೆಲದ ಮೇಲೆ ಬಾಡಿಯನ್ನು ಸ್ವಲ್ಪ ಎತ್ತಿ ನಿಲ್ಲಿಸಿ, ದೂರ ನಿಂತು ನೋಡಿ. ತಾನಾಗಿ ಇಳಿಯತೊಡಗಿದರೆ ಸಿಲಿಂಡರಿನ ಸೀಲ್ ಅಥವಾ ವಾಲ್ವ್ ಸೋರುತ್ತಿದೆ. ಹಿಂದಿನ ಜೋಡಿ ಟಯರುಗಳ ನಡುವೆ ಕಲ್ಲು ಸಿಕ್ಕಿ ಒಳಗೋಡೆ ಕತ್ತರಿಸಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು, ಹೊರಗಿನಿಂದ ಅದು ಕಾಣುವುದಿಲ್ಲ.

2020ರ ಏಪ್ರಿಲ್ ನಂತರದ ಗಾಡಿಯಾದರೆ ಅದು ಬಿಎಸ್6, ಅಂದರೆ ಹೊಗೆ ಮಾಲಿನ್ಯದ ಬಿಗಿ ನಿಯಮಕ್ಕೆ ತಕ್ಕಂತೆ ಮಾಡಿದ್ದು. ಅದರ ಹೊಗೆಕೊಳವೆಯ ಫಿಲ್ಟರಿನಲ್ಲಿ ಮಸಿ ಸೇರುತ್ತದೆ, ಅದು ಸುಟ್ಟುಹೋಗಲು ಗಾಡಿ ಬಿಸಿಯಾಗಿ ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ಕಲ್ಲಿನ ಕ್ವಾರಿಯಿಂದ ಊರೊಳಗಿನ ಮನೆಗೆ ಎರಡು ಮೂರು ಕಿಲೋಮೀಟರು ಮಾತ್ರ ತಿರುಗಿದ ಗಾಡಿಗಳಲ್ಲಿ ಇದು ಕಟ್ಟಿಕೊಂಡು ಎಚ್ಚರಿಕೆಯ ದೀಪ ಉರಿಯುತ್ತಿರುತ್ತದೆ. ಹಾಗಾಗಿ ಕೀಲಿ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಹತ್ತಿ, ಇಂಜಿನ್ ಶುರುವಾದ ಮೇಲೆ ಆರುತ್ತವೆಯೇ ಎಂದು ನೋಡಿ. ಒಂದು ದೀಪ ಹತ್ತುವುದೇ ಇಲ್ಲವೆಂದರೆ ಅದರ ವಾಯರನ್ನು ಯಾರೋ ಬಿಚ್ಚಿಟ್ಟಿರಬಹುದು.