ಸಹಾಯ ಬೇಕು: ಹೊಸ ಬಡಾವಣೆಯ ನೀರಿನ ಶುಲ್ಕದಲ್ಲಿ ಅನುದಾನ, ಸಾಲ ಎರಡನ್ನೂ ಕಳೀಬೇಕಾ?

ಪುರಸಭೆ ವ್ಯಾಪ್ತಿಯ 240 ನಿವೇಶನದ ಖಾಸಗಿ ಬಡಾವಣೆಗೆ ಒಂದು ಸಲದ ನೀರು ಸರಬರಾಜು ಶುಲ್ಕ ನಿಗದಿ ಮಾಡಬೇಕಿದೆ. ಬಡಾವಣೆಯೊಳಗಿನ ಪೈಪ್‌ಲೈನ್ ಡೆವಲಪರ್ ಖರ್ಚು, ಅದರಲ್ಲಿ ತಕರಾರಿಲ್ಲ. ತಲೆನೋವು ಹೊರಗಿನದು: ಜಾಕ್‌ವೆಲ್ (ನದಿ, ಕೆರೆಯಿಂದ ನೀರೆತ್ತೋ ಬಾವಿ), ಶುದ್ಧೀಕರಣ ಘಟಕ, ಓವರ್‌ಹೆಡ್ ಟ್ಯಾಂಕ್.

ನಿವೇಶನಕ್ಕೆ 5 ಜನ, ತಲೆಗೆ ದಿನಕ್ಕೆ 135 ಲೀಟರ್ (ಒಳಚರಂಡಿ ಇರೋ ಊರು) ಅಂದ್ರೆ 1.62 ಲಕ್ಷ ಲೀಟರ್. ಸೋರಿಕೆ ಶೇ 15 ಹಿಡಿದ್ರೆ ಘಟಕದಿಂದ ಹೊರಡಬೇಕಾದ್ದು ಸುಮಾರು 1.9 ಲಕ್ಷ. ಸೋರೋದು ಹೊರಟ ನೀರಿನ ಶೇ 15, ಹಾಗಾಗಿ ಇಲ್ಲಿ ಶೇ 15 ಕೂಡಿಸೋದಲ್ಲ, 0.85ರಿಂದ ಭಾಗಿಸಬೇಕು, ಎಸ್ಟಿಮೇಟ್ ತಪ್ಪೋದೇ ಈ ಜಾಗದಲ್ಲಿ.

ಘಟಕದಲ್ಲಿ ಸಾಮರ್ಥ್ಯ ಮಿಕ್ಕಿದೆ, ಟ್ಯಾಂಕಲ್ಲಿ ಇಲ್ಲ. ಹಾಗಾಗಿ ಘಟಕಕ್ಕೆ ಸವಕಳಿ (ಹಳೆಯದಾದಂತೆ ಇಳಿಯೋ ಬೆಲೆ) ಕಳೆದ ಮೌಲ್ಯವನ್ನ ಒಟ್ಟು ಸಾಮರ್ಥ್ಯದಿಂದ ಭಾಗಿಸಿ ಲೀಟರ್ ದರ ತೆಗೆದಿದ್ದೀವಿ. ಟ್ಯಾಂಕಿಗೆ, ಹೊಸದಾಗಿ ಕಟ್ಟಬೇಕಾದ ಟ್ಯಾಂಕಿನ ಅಂದಾಜು ವೆಚ್ಚವನ್ನ ಅದರ ಪೂರ್ತಿ ಸಾಮರ್ಥ್ಯದಿಂದ ಭಾಗಿಸಿದ್ದೀವಿ. ಇಡೀ ಟ್ಯಾಂಕನ್ನ ಒಂದೇ ಬಡಾವಣೆ ತಲೆಗೆ ಕಟ್ಟಿದ್ರೆ ಆಕ್ಷೇಪಣೆ ಗ್ಯಾರಂಟಿ.

ಸಿಕ್ಕಿಕೊಂಡಿರೋದು ಘಟಕದ ಲೆಕ್ಕದಲ್ಲಿ. ಅದರ ವೆಚ್ಚದಲ್ಲಿ ಒಂದು ಪಾಲು ಸರ್ಕಾರಿ ಅನುದಾನ, ಉಳಿದದ್ದು ಸಾಲ. ಅನುದಾನ ಊರಿನವರ ಜೇಬಿನದಲ್ಲ, ಕಳೆಯೋದೇ ಸರಿ ಅನ್ಸುತ್ತೆ. ಸಾಲದ ಕಂತು ಮಾಸಿಕ ನೀರಿನ ಬಿಲ್ಲಲ್ಲೇ ವಸೂಲಾಗ್ತಿದೆ. ಹೊಸಬರು ಶುಲ್ಕವನ್ನೂ ಕಟ್ಟಿದ್ರೆ ಒಂದೇ ಸಾಲಕ್ಕೆ ಎರಡು ಸಲ ಕೊಟ್ಟಂಗೆ. ಆದ್ರೆ ಎರಡನ್ನೂ ಪೂರ್ತಿ ಕಳೆದ್ರೆ ಘಟಕದ ಪಾಲು ಸೊನ್ನೆ.

ತೀರಿರೋ ಅಸಲನ್ನ ಮಾತ್ರ ಶುಲ್ಕದಲ್ಲಿ ಸೇರಿಸಿ, ಬಾಕಿ ಅಸಲು ಮತ್ತು ಅನುದಾನ ಬಿಡೋದು ಸರೀನಾ? ಸವಕಳಿ ಕಳೆಯೋದು ಅದಕ್ಕೆ ಮುಂಚೆಯೋ ಆಮೇಲೋ? ಇಂಥ ದರಕ್ಕೆ ಠರಾವು ಮಾಡಿಸಿ ಮಂಜೂರಾತಿ ತಗೊಂಡವರು ಯಾವ ಕ್ರಮದಲ್ಲಿ ಲೆಕ್ಕ ಹಾಕಿದ್ರಿ ಅಂತ ಹೇಳಿ.