ಮಂಡಿನೋವಿನ ಅತ್ತೆ, ಇಬ್ಬರು ಮಕ್ಕಳು, ಹದಿನಾರು ದಿನ: ಜರ್ಮನಿ ಸುತ್ತಮುತ್ತ ಹೇಗೆ ಓಡಾಡುವುದು?

ಪ್ರಶ್ನೆ: ಮೇ ಕೊನೆಯಲ್ಲಿ, ಮಕ್ಕಳ ಬೇಸಿಗೆ ರಜೆ ಮುಗಿಯುವುದರೊಳಗೆ ಜರ್ಮನಿಗೆ ಹೋಗಬೇಕೆಂದಿದ್ದೇವೆ. ನಾವಿಬ್ಬರು, 10 ಮತ್ತು 6 ವರ್ಷದ ಮಕ್ಕಳು, ಮಂಡಿನೋವಿರುವ ಅತ್ತೆ. ಸಸ್ಯಾಹಾರಿಗಳು. ಫ್ರಾಂಕ್‌ಫರ್ಟ್, ಬರ್ಲಿನ್, ಪ್ರಾಗ್, ವಿಯೆನ್ನಾ, ಸಾಲ್ಜ್‌ಬರ್ಗ್, ಜ್ಯೂರಿಕ್, ಪ್ಯಾರಿಸ್ ಅಂತ ಪಟ್ಟಿ ಮಾಡಿಕೊಂಡಿದ್ದೇವೆ. ಆಯಾಸ ಆಗದ ಹಾಗೆ ಹೇಗೆ ಹೊಂದಿಸುವುದು? ಹೋಗಿಬಂದವರು, ಅಲ್ಲೇ ಇರುವವರು ಹೇಳಿ.

ಉತ್ತರ: ನಾನು ಉಲ್ಮ್ ಹತ್ತಿರ ಒಂಬತ್ತು ವರ್ಷದಿಂದ ಇದ್ದೇನೆ. ಊರಿನಿಂದ ಬಂದವರನ್ನೆಲ್ಲ ಸುತ್ತಾಡಿಸಿದ್ದೇನೆ, ನನ್ನ ಅಮ್ಮನನ್ನೂ ಸೇರಿಸಿ. ನಿಮ್ಮ ಪಟ್ಟಿಯನ್ನು ದಯವಿಟ್ಟು ಅರ್ಧಕ್ಕಿಂತ ಕಮ್ಮಿ ಮಾಡಿ. ಏಳು ಊರು ಅಂದರೆ ಏಳು ಸಲ ಪೆಟ್ಟಿಗೆ ಕಟ್ಟಿ ಬಿಚ್ಚುವುದು. ಮಂಡಿನೋವಿರುವವರಿಗೆ ಕೋಟೆ ಹತ್ತುವುದಕ್ಕಿಂತ ದೊಡ್ಡ ಕಷ್ಟ ಎಂದರೆ ಪೆಟ್ಟಿಗೆ ಎಳೆದುಕೊಂಡು ಪ್ಲಾಟ್‌ಫಾರಂ ಬದಲಿಸುವುದು. ಮೊದಲ ಸಲ ಅಮ್ಮ ಬಂದಾಗ ಹನ್ನೆರಡು ದಿನಕ್ಕೆ ನಾಲ್ಕು ದೇಶ ತೋರಿಸಿದೆ. ಆರನೇ ದಿನ ಕಾಲು ಊದಿಕೊಂಡು ಹೋಟೆಲ್ ಕೋಣೆಯಲ್ಲೇ ಕೂತರು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಎರಡನೇ ಸಲ ಬಂದಾಗ ಮೂರೇ ಕಡೆ ಮನೆ ಹಿಡಿದೆವು. ನಿಮಗೂ ಅದನ್ನೇ ಹೇಳುತ್ತೇನೆ: ಮ್ಯೂನಿಕ್ ಐದು ರಾತ್ರಿ, ಬೋಡೆನ್‌ಸೇ ಸರೋವರದ ದಡದ ಲಿಂಡಾವ್ ಆರು ರಾತ್ರಿ, ಫ್ರಾನ್ಸ್ ಗಡಿಯ ಹತ್ತಿರದ ಫ್ರೈಬುರ್ಗ್ ನಾಲ್ಕು. ಬೆಂಗಳೂರಿನಿಂದ ಮ್ಯೂನಿಕ್‌ಗೆ ಇಳಿಯಿರಿ, ಫ್ರಾಂಕ್‌ಫರ್ಟ್‌ನಿಂದ ವಾಪಸ್ ಹತ್ತಿ. ಫ್ರೈಬುರ್ಗ್‌ನಿಂದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದೊಳಗೇ ಹೋಗಿ ನಿಲ್ಲುವ ವೇಗದ ರೈಲು ಇದೆ, ಎರಡು ಗಂಟೆ ಚಿಲ್ಲರೆ.

ಲಿಂಡಾವ್‌ಗೇ ಯಾಕೆ ಇಷ್ಟು ದಿನ ಅಂದರೆ, ಆ ಸರೋವರದ ಸುತ್ತ ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್ ಮೂರೂ ಇವೆ. ಬೆಳಿಗ್ಗೆ ತಿಂಡಿ ತಿಂದು ರೈಲು ಹತ್ತಿದರೆ ಹತ್ತೇ ನಿಮಿಷಕ್ಕೆ ಆಸ್ಟ್ರಿಯಾದ ಬ್ರೆಗೆಂಜ್. ಅಲ್ಲಿಂದ ಕೇಬಲ್ ಕಾರಿನಲ್ಲಿ 1,064 ಮೀಟರ್ ಎತ್ತರದ ಪ್ಫೆಂಡರ್ ಬೆಟ್ಟ. ಮೇಲೆ ಕಾಡುಹಂದಿ, ಬೆಟ್ಟದ ಮೇಕೆ ನೋಡಲು ಟಿಕೆಟ್ ಇಲ್ಲ. ಇನ್ನೊಂದು ದಿನ ಫ್ರೀಡ್ರಿಷ್‌ಹಾಫೆನ್‌ನಲ್ಲಿ ಜೆಪ್ಪೆಲಿನ್ ವಸ್ತುಸಂಗ್ರಹಾಲಯ. ಹಿಂಡೆನ್‌ಬರ್ಗ್ ವಾಯುನೌಕೆಯ ಒಂದು ಭಾಗವನ್ನು ನಿಜವಾದ ಅಳತೆಯಲ್ಲೇ ಮತ್ತೆ ಕಟ್ಟಿಟ್ಟಿದ್ದಾರೆ, ಮಕ್ಕಳು ಒಳಗೆ ಹೋಗಿ ನೋಡಬಹುದು. ಅದೇ ಊರಿನಿಂದ ದೋಣಿ ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ಸ್ವಿಟ್ಜರ್‌ಲೆಂಡಿನ ರೊಮಾನ್ಸ್‌ಹಾರ್ನ್. ಸ್ವಿಸ್ ನೆಲ ಮೆಟ್ಟಿ, ಐಸ್‌ಕ್ರೀಮ್ ತಿಂದು, ರಾತ್ರಿ ಅದೇ ಹಾಸಿಗೆಗೆ ವಾಪಸ್. ಆ ದೇಶದಲ್ಲಿ ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿಡಿ, ಯುರೋಪಿಯನ್ ಒಕ್ಕೂಟದ ಉಚಿತ ರೋಮಿಂಗ್ ಅಲ್ಲಿಗೆ ಅನ್ವಯಿಸುವುದಿಲ್ಲ.

ಏನೂ ಮಾಡದ ದಿನವೂ ಒಂದೆರಡು ಇರಲಿ. ಲಿಂಡಾವ್ ಬಂದರಿನ ಬಾಯಲ್ಲಿ ಒಂದು ಕಡೆ ಕಲ್ಲಿನ ಸಿಂಹ, ಎದುರಿಗೆ ದೀಪಸ್ತಂಭ. ಅವೆರಡರ ನಡುವೆ ಬಿಳಿ ಹಡಗುಗಳು ಒಂದೊಂದಾಗಿ ಒಳಗೆ ಬರುತ್ತವೆ. ಅಮ್ಮ ಬೆಂಚಿನ ಮೇಲೆ ಶಾಲು ಹೊದ್ದು ಕೂತು, ಡಬ್ಬಿಯಲ್ಲಿ ತಂದ ಅವಲಕ್ಕಿ ತಿನ್ನುತ್ತ, ಇಡೀ ಸಂಜೆ ಅದನ್ನೇ ನೋಡಿದರು. ಆ ಕಾಲಕ್ಕೆ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಈಗಲೂ ಫೋನಿನಲ್ಲಿ ಕೇಳುವುದು ಆ ಬೆಂಚಿನ ವಿಚಾರವೇ.

ಬೆಟ್ಟದ ಮೇಲಿರುವ ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಅತ್ತೆಯನ್ನು ಒತ್ತಾಯಿಸಬೇಡಿ. ಕುದುರೆಗಾಡಿ ಹತ್ತಿದರೂ ಕೊನೆಯ ಏರು ನಡೆಯಲೇಬೇಕು, ಒಳಗೂ ಮೆಟ್ಟಿಲುಗಳು ತುಂಬ. ಕೆಳಗಿನ ಆಲ್ಪ್‌ಸೇ ಕೆರೆ ದಡದಲ್ಲಿ ಒಬ್ಬರು ಅವರ ಜೊತೆ ಕೂರಿ, ಉಳಿದವರು ಮೊದಲೇ ಟಿಕೆಟ್ ಕಾಯ್ದಿರಿಸಿ ಹೋಗಿಬನ್ನಿ. ಟಿಕೆಟ್ಟಿನಲ್ಲಿರುವ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ.

ರೈಲಿನ ವಿಷಯ: ಮ್ಯೂನಿಕ್, ಲಿಂಡಾವ್ ಎರಡೂ ಇರುವ ಬವೇರಿಯಾ ರಾಜ್ಯದೊಳಗೆ ಬಯರ್ನ್ ಟಿಕೆಟ್ ತೆಗೆದುಕೊಳ್ಳಿ. ಒಂದೇ ಟಿಕೆಟ್ಟಿನಲ್ಲಿ ಐದು ಜನ ಇಡೀ ದಿನ ಪ್ರಾದೇಶಿಕ ರೈಲುಗಳಲ್ಲಿ ಓಡಾಡಬಹುದು, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ನಡೆಯುತ್ತದೆ. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ ಮಾತ್ರ. ದೂರದ ವೇಗದ ರೈಲಿಗೆ ಟಿಕೆಟ್ ಮಾಡುವಾಗ ಮಕ್ಕಳನ್ನೂ ನಮೂದಿಸಿ, 15 ತುಂಬದವರು ದೊಡ್ಡವರ ಜೊತೆ ಉಚಿತ. ಸೀಟು ಮಾತ್ರ ದುಡ್ಡು ಕೊಟ್ಟು ಕಾಯ್ದಿರಿಸಿ. ರೈಲು ಬದಲಿಸಬೇಕಾದ ಕಡೆ ಮುಕ್ಕಾಲು ಗಂಟೆ ಬಿಡುವಿಡಿ.

ಇನ್ನೊಂದು ಮಾತು. ನಮ್ಮ ಬೇಸಿಗೆ ರಜೆ ಅವರ ಬೇಸಿಗೆಯಲ್ಲ. ಮೇನಲ್ಲಿ ಸಂಜೆ ಸ್ವೆಟರ್ ಬೇಕು, ಎಷ್ಟೋ ಬೆಟ್ಟದ ಕೇಬಲ್ ಕಾರುಗಳು ಏಪ್ರಿಲ್-ಮೇನಲ್ಲಿ ದುರಸ್ತಿಗೆಂದು ನಿಂತಿರುತ್ತವೆ. ಹೊರಡುವ ಮುಂಚೆ ಒಂದೊಂದನ್ನೂ ನೋಡಿಕೊಳ್ಳಿ. ಮೇ-ಜೂನ್ ಹೊತ್ತಿಗೆ ಬರುವ ಪ್ಫಿಂಗ್‌ಸ್ಟನ್ ಎಂಬ ಕ್ರೈಸ್ತ ಹಬ್ಬದ ಸುತ್ತ ಬವೇರಿಯಾದ ಶಾಲೆಗಳಿಗೆ ಎರಡು ವಾರ ರಜೆ, ಸರೋವರದ ದಡದ ಮನೆಗಳು ಆಗ ಬೇಗ ತುಂಬುತ್ತವೆ. ಮನೆ ಹುಡುಕುವಾಗ ‘ಫೆರೀನ್‌ವೋನುಂಗ್’ (ರಜೆಗೆ ಬಾಡಿಗೆಗೆ ಸಿಗುವ ಮನೆ) ಅಂತ ಹುಡುಕಿ, ನೆಲಮಹಡಿ ಅಥವಾ ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಹಳೇ ಕಟ್ಟಡಗಳಲ್ಲಿ ಬಹಳ ಕಡೆ ಲಿಫ್ಟ್ ಇರುವುದಿಲ್ಲ.

ಇನ್ನೊಂದು ಉತ್ತರ: ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಮೈಸೂರಿನಿಂದ ಹೋಗಿದ್ದೆವು, ಅಡುಗೆಮನೆ ಇರುವ ಮನೆ ಸಿಕ್ಕಿದ್ದಕ್ಕೇ ಬಚಾವಾದೆವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಂದು ಪುಟ್ಟ ಕುಕ್ಕರ್ ಸಾಕು. ತುಪ್ಪ, ಪೇಡ ಒಯ್ಯಬೇಡಿ, ಹೊರಗಿನಿಂದ ಹಾಲಿನ ಪದಾರ್ಥ ತರಲು ಅಲ್ಲಿ ನಿಷೇಧ. ಮೊಸರು ಅಲ್ಲೇ ಚೆನ್ನಾಗಿ ಸಿಗುತ್ತದೆ, ಆದರೆ ಶನಿವಾರವೇ ಕೊಂಡಿಡಿ, ಭಾನುವಾರ ದೊಡ್ಡ ರೈಲು ನಿಲ್ದಾಣದ ಅಂಗಡಿ ಬಿಟ್ಟರೆ ಎಲ್ಲ ಮುಚ್ಚಿರುತ್ತವೆ. ಹೊರಗೆ ತಿನ್ನುವಾಗ ಕೇಸೆಶ್ಪೆಟ್ಸ್‌ಲೆ ಕೇಳಿ, ಚೀಸ್ ಹಾಕಿದ ಗೋಧಿ ಹಿಟ್ಟಿನ ಶಾವಿಗೆ ಥರ, ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ. ಹಂದಿಮಾಂಸದ ಚೂರು ಸೇರಿಸುತ್ತೀರಾ ಅಂತ ಮಾತ್ರ ಕೇಳಿಕೊಳ್ಳಿ.

ನನ್ನ ಮಗಳಿಗೆ ಅತಿ ಇಷ್ಟವಾಗಿದ್ದು ಬಾಟಲಿ ಯಂತ್ರ. ಖಾಲಿ ಪ್ಲಾಸ್ಟಿಕ್ ಬಾಟಲಿಯನ್ನು ಸೂಪರ್ ಮಾರ್ಕೆಟ್ಟಿನ ಗೋಡೆಯ ತೂತಿಗೆ ಹಾಕಿದರೆ ಒಳಗೆ ಗರಗರ ತಿರುಗಿ, ಕೊಳ್ಳುವಾಗ ಕಟ್ಟಿದ್ದ ಠೇವಣಿ 25 ಸೆಂಟ್ ಲೆಕ್ಕಕ್ಕೆ ಸೇರುತ್ತದೆ. ಕೊನೆಗೆ ಚೀಟಿ ಬರುತ್ತದೆ. ದಿನಾ ಸಂಜೆ ಎಲ್ಲರ ಚೀಲ ತಡಕಿ ಬಾಟಲಿ ಕೂಡಿಸಿಕೊಳ್ಳುತ್ತಿದ್ದಳು. ಫ್ರೈಬುರ್ಗ್‌ನಲ್ಲಿದ್ದಾಗ ಕೇಲ್ ಊರಿಗೆ ಹೋಗಿ ಟ್ರಾಮ್ ಹತ್ತಿ, ರೈನ್ ನದಿಯ ಸೇತುವೆ ದಾಟಿ ಫ್ರಾನ್ಸಿನ ಸ್ಟ್ರಾಸ್‌ಬುರ್ಗ್‌ನಲ್ಲಿ ಇಳಿದೆವು. ಪ್ಯಾರಿಸ್ ಬಿಟ್ಟ ಬೇಸರ ಅಲ್ಲಿಗೆ ಹೋಯಿತು.

ಮತ್ತೊಂದು: ವೀಸಾ ಬಗ್ಗೆ ಯಾರೂ ಹೇಳಿಲ್ಲ. ಹೆಚ್ಚು ರಾತ್ರಿ ಜರ್ಮನಿಯಲ್ಲಿ ಉಳಿಯುವುದಾದರೆ ಜರ್ಮನಿಗೇ ಷೆಂಗೆನ್ ಅರ್ಜಿ ಹಾಕಿ. ಆಸ್ಟ್ರಿಯಾ, ಸ್ವಿಟ್ಜರ್‌ಲೆಂಡ್, ಫ್ರಾನ್ಸ್‌ಗೂ ಅದೇ ವೀಸಾ ನಡೆಯುತ್ತದೆ. ಆರು ತಿಂಗಳ ಮುಂಚೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಶುಲ್ಕ ದೊಡ್ಡವರಿಗೆ 90 ಯೂರೋ, ನಿಮ್ಮ ಮಕ್ಕಳ ವಯಸ್ಸಿಗೆ 45. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚಿನ ವಿಮೆ ಕಡ್ಡಾಯ. ಅತ್ತೆಯ ಮಂಡಿಯಂಥ ಹಳೇ ತೊಂದರೆಗೆ ಆ ವಿಮೆ ದುಡ್ಡು ಕೊಡುತ್ತದೆಯಾ ಅಂತ ಕೊಳ್ಳುವ ಮುಂಚೆ ಓದಿ ನೋಡಿ. ಅವರ ಮಾಮೂಲಿ ಮಾತ್ರೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಲಿ.