ಎಂಬಿಎ ಶಿಕ್ಷಣದ ಉದ್ದೇಶವೇನು? ಮೌಲ್ಯಗಳನ್ನು ಅಲ್ಲಿ ಯಾವ ತರಗತಿ ಕಲಿಸುತ್ತದೆ?

ಪ್ರಶ್ನೆ:
ಕೆಲವು ವರ್ಷ ಉದ್ಯೋಗ ಮಾಡಿದ ಬಳಿಕ ಎಂಬಿಎ ಸೇರಬೇಕೆಂದಿದ್ದೇನೆ. ಪ್ರವೇಶ ಪುಸ್ತಿಕೆಗಳ ಮೊದಲ ಪುಟದಲ್ಲಿ ಸಮಾಜದ ಬಗ್ಗೆ ಹೊಣೆಯರಿತ ನಾಯಕರನ್ನು ರೂಪಿಸುವ ಮಾತಿರುತ್ತದೆ, ಮುಂದಿನ ಪುಟಗಳಲ್ಲೆಲ್ಲ ಸಂಬಳದ ಸರಾಸರಿ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬಂತಾಯಿತಲ್ಲವೇ? ನೀತಿಶಾಸ್ತ್ರದ ಒಂದು ವಿಷಯವನ್ನು ಪಠ್ಯಕ್ಕೆ ಸೇರಿಸಿದ ಮಾತ್ರಕ್ಕೆ ಮೌಲ್ಯಗಳು ಬಂದುಬಿಡುತ್ತವೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ನೀತಿಶಾಸ್ತ್ರದ ತರಗತಿಗಿಂತ ಹಣಕಾಸಿನ ತರಗತಿಯೇ ಹೆಚ್ಚು ಮೌಲ್ಯಗಳನ್ನು ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. 1908ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಆರಂಭವಾದ ಕಾಲದಲ್ಲಿ, ವೈದ್ಯಕೀಯ ಮತ್ತು ವಕೀಲಿಕೆಯ ಹಾಗೆ ಮ್ಯಾನೇಜರನ ಕೆಲಸವನ್ನೂ ಸಾರ್ವಜನಿಕ ಹೊಣೆಯುಳ್ಳ ವೃತ್ತಿಯನ್ನಾಗಿ ಬೆಳೆಸಬೇಕೆಂಬ ಹಂಬಲ ಅಮೆರಿಕದಲ್ಲಿತ್ತು. 1959ರಲ್ಲಿ ಫೋರ್ಡ್ ಮತ್ತು ಕಾರ್ನೆಗಿ ಪ್ರತಿಷ್ಠಾನಗಳ ವರದಿಗಳು ಅಲ್ಲಿನ ಬಿಸಿನೆಸ್ ಸ್ಕೂಲ್‌ಗಳ ಬೋಧನೆಯ ಮಟ್ಟ ಸಾಲದೆಂದು ಟೀಕಿಸಿದ ಮೇಲೆ ಅರ್ಥಶಾಸ್ತ್ರಕ್ಕೂ ಗಣಿತಕ್ಕೂ ಅಲ್ಲಿ ಪ್ರಾಶಸ್ತ್ಯ ದೊರೆಯಿತು. ಇದರಿಂದ ಪಾಂಡಿತ್ಯ ಹೆಚ್ಚಿತು, ನಿಜ. ಆದರೆ 1976ರಲ್ಲಿ ಅರ್ಥಶಾಸ್ತ್ರಜ್ಞರಾದ ಜೆನ್ಸನ್ ಮತ್ತು ಮೆಕ್ಲಿಂಗ್ ಮಂಡಿಸಿದ ಏಜೆನ್ಸಿ ಸಿದ್ಧಾಂತ ಪಠ್ಯವನ್ನು ಹೊಕ್ಕ ಬಳಿಕ, ಮ್ಯಾನೇಜರ್ ಎಂದರೆ ಷೇರುದಾರರ ಏಜೆಂಟ್, ಕಾವಲಿಲ್ಲದಿದ್ದರೆ ತನ್ನ ಲಾಭವನ್ನೇ ನೋಡಿಕೊಳ್ಳುವವನು ಎಂಬ ಗ್ರಹಿಕೆ ಪಾಠದೊಳಗೆ ಸದ್ದಿಲ್ಲದೆ ಬೇರೂರಿತು. ಇಂಥ ಸಿದ್ಧಾಂತಗಳು ವಿದ್ಯಾರ್ಥಿಗಳನ್ನು ನೈತಿಕ ಹೊಣೆಯಿಂದಲೇ ಬಿಡುಗಡೆ ಮಾಡಿಬಿಡುತ್ತವೆ ಎಂದು ಮ್ಯಾನೇಜ್‌ಮೆಂಟ್ ಪ್ರಾಧ್ಯಾಪಕರಾಗಿದ್ದ ಸುಮಂತ್ರ ಘೋಷಾಲ್ ಅವರು, ತಮ್ಮ ನಿಧನಾನಂತರ 2005ರಲ್ಲಿ ಪ್ರಕಟವಾದ ಲೇಖನದಲ್ಲಿ ವಾದಿಸಿದ್ದಾರೆ. ಆ ವಾದವನ್ನು ನಾನು ಒಪ್ಪುತ್ತೇನೆ.

ಉತ್ತರ 2:
ಮೇಲಿನವರ ಮಾತಿನಲ್ಲಿ ಹುರುಳಿದೆ, ಆದರೂ ದೋಷವನ್ನೆಲ್ಲ ಸಿದ್ಧಾಂತದ ತಲೆಗೆ ಕಟ್ಟುವುದು ಸರಿಯಲ್ಲ. ಕಂಪನಿಯ ಹೊಣೆ ಲಾಭ ಹೆಚ್ಚಿಸುವುದು ಎಂದು 1970ರಲ್ಲಿ ಬರೆದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಕೂಡ, ಅದು ಸಮಾಜದ ನಿಯಮಗಳಿಗೆ ಒಳಪಟ್ಟು, ವಂಚನೆಯಿಲ್ಲದೆ ನಡೆಯಬೇಕೆಂಬ ಷರತ್ತು ಹಾಕಿದ್ದರು. ತರಗತಿಗಳಲ್ಲಿ ಆ ಷರತ್ತು ಬಿಟ್ಟುಹೋಗಿ ಉಳಿದರ್ಧವೇ ಉಳಿಯಿತು. ಇನ್ನು ವೃತ್ತಿಯ ಮಾತು. ತಪ್ಪೆಸಗಿದ ವೈದ್ಯರ ನೋಂದಣಿಯನ್ನು ರದ್ದುಪಡಿಸಲು ಪರಿಷತ್ತುಗಳಿವೆ. ಎಂಬಿಎ ಪದವೀಧರರನ್ನು ವೃತ್ತಿಯಿಂದ ಹೊರಹಾಕುವವರು ಯಾರು? 2009ರಲ್ಲಿ ಹಾರ್ವರ್ಡ್ ಎಂಬಿಎ ವಿದ್ಯಾರ್ಥಿಗಳು ಹೊಣೆಯರಿತು ಪ್ರಾಮಾಣಿಕವಾಗಿ ಕೆಲಸ ಮಾಡುತ್ತೇವೆಂಬ ಪ್ರತಿಜ್ಞೆಯೊಂದನ್ನು ತಾವೇ ರೂಪಿಸಿದರು. ಅದು ಮೆಚ್ಚತಕ್ಕ ಕೆಲಸವೇ, ಆದರೆ ಅದನ್ನು ಮುರಿದವರನ್ನು ವೃತ್ತಿಯಿಂದ ತೆಗೆಯುವ ಅಧಿಕಾರವುಳ್ಳ ಸಂಸ್ಥೆಯಿಲ್ಲ. ನನ್ನ ಮಟ್ಟಿಗೆ, ಆಯವ್ಯಯ ಪಟ್ಟಿಯಲ್ಲಿ ನಷ್ಟವನ್ನು ಮುಚ್ಚಿಡದೆ ತೋರಿಸುವ ಕೌಶಲವನ್ನು ಸರಿಯಾಗಿ ಕಲಿಸಿದರೆ, ಅದೂ ಮೌಲ್ಯಶಿಕ್ಷಣವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಸಂಸ್ಥೆಯೊಂದನ್ನು ಆರಿಸಿಕೊಳ್ಳುವಾಗ ಏನನ್ನು ಗಮನಿಸಬೇಕು?

ಉತ್ತರ 1:
ಧ್ಯೇಯವಾಕ್ಯವನ್ನು ಬದಿಗಿಟ್ಟು ಹಣಕಾಸು ಮತ್ತು ಕಾರ್ಯತಂತ್ರ ವಿಷಯಗಳ ಪಠ್ಯಕ್ರಮವನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಕೇಳಿ ಪಡೆಯಿರಿ. ಕಾರ್ಖಾನೆಯೊಂದನ್ನು ಮುಚ್ಚುವ ಕೇಸ್ ಸ್ಟಡಿ (ಒಂದು ಸಂದರ್ಭವನ್ನು ಕೊಟ್ಟು ನಿರ್ಧಾರ ಕೇಳುವ ಪಾಠ) ಇದ್ದರೆ, ಉಳಿತಾಯದ ಲೆಕ್ಕದ ಜೊತೆಗೆ ಕೆಲಸ ಕಳೆದುಕೊಳ್ಳುವವರ ಲೆಕ್ಕವನ್ನೂ ವಿದ್ಯಾರ್ಥಿ ಬರೆಯಬೇಕೇ, ಆ ಭಾಗಕ್ಕೆ ಅಂಕಗಳಿವೆಯೇ ಎಂದು ನೋಡಿ. ಬಹುತೇಕ ಕೇಸ್‌ಗಳಲ್ಲಿ ವಿದ್ಯಾರ್ಥಿಯನ್ನು ಮುಖ್ಯಾಧಿಕಾರಿಯ ಕುರ್ಚಿಯಲ್ಲಿಯೇ ಕೂರಿಸುತ್ತಾರೆ. ಕಾರ್ಮಿಕ ಸಂಘದ ಅಥವಾ ಸಾಲ ಕೊಟ್ಟವರ ಸ್ಥಾನದಿಂದಲೂ ಅದೇ ನಿರ್ಧಾರವನ್ನು ಪರಿಶೀಲಿಸುವಂತೆ ಮಾಡುವ ಅಧ್ಯಾಪಕರು ಎಲ್ಲಿದ್ದಾರೆಂದು ಈಗ ಓದುತ್ತಿರುವ ವಿದ್ಯಾರ್ಥಿಗಳೇ ನಿಮಗೆ ಹೇಳಬಲ್ಲರು.